ಸಚಿವರ ಉತ್ತರದಲ್ಲಿ ಶಿಡ್ಲಘಟ್ಟದ ರೇಷ್ಮೆ ಎಲ್ಲಿದೆ? ಸಂಸತ್ತಿನ ಪ್ರಶ್ನೋತ್ತರದ ಬಗ್ಗೆ ತಿಳಿದವರು ಹೇಳಿ

ಗೂಡಿನಮನೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ತಲೆಮಾರಿನಿಂದ ರೇಷ್ಮೆ ನೂಲು ಬಿಚ್ಚುವ ಮನೆ. ಅಜ್ಜನ ಕಾಲದಲ್ಲಿ ಚರಕವಿತ್ತು, ಅಪ್ಪನ ಕಾಲದಲ್ಲಿ ಕಾಟೇಜ್ ಬೇಸಿನ್ ಬಂತು, ಈಗ ನಾನು ಮಲ್ಟಿ ಎಂಡ್ ಯಂತ್ರ ಹಾಕಿಕೊಂಡಿದ್ದೇನೆ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಪೈಪೋಟಿಯ ಮೇಲೆ ಗೂಡು ಹಿಡಿದು ತರುತ್ತೇವೆ. ನೂಲು ತೆಗೆದು ಮಾರಲು ಹೋದಾಗ ಮಾತ್ರ ವ್ಯಾಪಾರಿಗಳು ಚೀನಾದ ನೂಲಿನ ದರ ಹೇಳಿ ನಮ್ಮ ಬಾಯಿ ಮುಚ್ಚಿಸುತ್ತಾರೆ.

ಪರಿಚಿತರೊಬ್ಬರು ಕಚ್ಚಾ ರೇಷ್ಮೆಯ ಆಮದಿನ ಕುರಿತು ಕೇಂದ್ರ ಸಚಿವರು ಲೋಕಸಭೆಗೆ ನೀಡಿದ ಲಿಖಿತ ಉತ್ತರವೊಂದರ ಪ್ರತಿಯನ್ನು ಕಳುಹಿಸಿದ್ದರು. ಎರಡು ಪುಟಗಳನ್ನು ನಾನು ನಾಲ್ಕು ಸಲ ಓದಿದೆ. ಮೊದಲ ಭಾಗದಲ್ಲಿ ಆಮದಿನ ಅಂಕಿಅಂಶಗಳ ಕೋಷ್ಟಕವಿದೆ. ದೇಶದ ನೂಲು ಬಿಚ್ಚುವವರ ಮೇಲೆ ಆದ ಪರಿಣಾಮವೇನು ಎಂಬ ಎರಡನೆಯ ಭಾಗಕ್ಕೆ ರೇಷ್ಮೆ ಅಭಿವೃದ್ಧಿಗೆಂದು ಕೇಂದ್ರ ನಡೆಸುವ ಸಿಲ್ಕ್ ಸಮಗ್ರ ಯೋಜನೆಯ ವಿವರಣೆಯನ್ನು ಕೊಟ್ಟಿದ್ದಾರೆ. ಸುಂಕದ ವಿಷಯವು ಹಣಕಾಸು ಖಾತೆಗೆ ಸೇರಿದ್ದೆಂದು ಮೂರನೆಯ ಭಾಗ ಹೇಳುತ್ತದೆ. ಈ ಕುರಿತು ಚೀನಾದೊಂದಿಗೆ ಮಾತುಕತೆ ನಡೆದಿದೆಯೇ ಎಂಬ ಕೊನೆಯ ಭಾಗಕ್ಕೆ ‘ಪ್ರಶ್ನೆ ಉದ್ಭವಿಸುವುದಿಲ್ಲ’ ಎಂದಷ್ಟೇ ಇದೆ.

ನನ್ನ ಮನೆಯ ಮುಂದೆ ನಿಂತಿರುವ ಪ್ರಶ್ನೆ ದೆಹಲಿಯಲ್ಲಿ ಏಕೆ ಉದ್ಭವಿಸುವುದಿಲ್ಲ? ಇಂಥ ಉತ್ತರಕ್ಕೆ ಏನಾದರೂ ಬೆಲೆ ಇದೆಯೇ? ಸರಿಯಾದ ಉತ್ತರ ಬರುವಂತೆ ಪ್ರಶ್ನೆ ಕೇಳಿಸುವ ದಾರಿ ಯಾವುದು? ನಾವು ಕೆಲವರು ಸೇರಿ ನಮ್ಮ ಸಂಸದರ ಬಳಿಗೆ ಹೋಗಬೇಕೆಂದಿದ್ದೇವೆ.

ನಿವೃತ್ತಮೇಷ್ಟ್ರು (ಕೋಲಾರ)

ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದವನಾದ್ದರಿಂದ ತಿಳಿದಷ್ಟನ್ನು ಹೇಳುತ್ತೇನೆ.

ನಿಮ್ಮ ಕೈಗೆ ಬಂದಿರುವುದು ಚುಕ್ಕೆ ಗುರುತಿಲ್ಲದ ಪ್ರಶ್ನೆಯ ಉತ್ತರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳೂ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳೂ ಪಟ್ಟಿಗೆ ಬರುತ್ತವೆ. ಎರಡನೆಯ ಬಗೆಯ ಉತ್ತರಗಳನ್ನು ಸದನದ ಮೇಜಿನ ಮೇಲೆ ಇಡುತ್ತಾರೆ, ಅಲ್ಲಿಗೆ ಅದು ಮುಗಿಯಿತು. ಯಾರೂ ಎದ್ದು ನಿಂತು ‘ಹಾಗಾದರೆ ಇದೇಕೆ?’ ಎಂದು ಕೇಳುವಂತಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು. ಪ್ರಶ್ನೆ ಕೇಳಿದ ಸದಸ್ಯರು ಎರಡು ಉಪಪ್ರಶ್ನೆ ಹಾಕಬಹುದು, ಸಭಾಧ್ಯಕ್ಷರು ಅವಕಾಶ ಕೊಟ್ಟರೆ ಬೇರೆ ಸದಸ್ಯರೂ ಕೇಳಬಹುದು. ಸಚಿವರಿಗೆ ತಮ್ಮ ಖಾತೆ ಎಷ್ಟು ಗೊತ್ತು ಎಂಬುದು ತಿಳಿಯುವುದು ಆ ಉಪಪ್ರಶ್ನೆಗಳಲ್ಲೇ.

ಬೇಸರದ ಸಂಗತಿಯೆಂದರೆ, ಒಂದು ಗಂಟೆಯೊಳಗೆ ಆ 20ರಲ್ಲಿ ನಾಲ್ಕೈದು ಪ್ರಶ್ನೆಗಳಷ್ಟೇ ಸದನದಲ್ಲಿ ಕೈಗೆತ್ತಿಕೊಳ್ಳಲು ಸಾಧ್ಯವಾಗುತ್ತದೆ. ಗದ್ದಲವಾದ ದಿನ ಅದೂ ಇಲ್ಲ. ಉಳಿದವುಗಳ ಉತ್ತರ ಲಿಖಿತವಾಗಿಯೇ ದಾಖಲಾಗುತ್ತದೆ. ಯಾವ ಪ್ರಶ್ನೆ ಪಟ್ಟಿಯ ಮೇಲ್ಭಾಗದಲ್ಲಿ ಬರಬೇಕೆಂಬುದು ಚೀಟಿ ಎತ್ತುವ ಅದೃಷ್ಟ.

ಅಂತರಗಂಗೆ (ಕೋಲಾರ)

ಮೇಷ್ಟ್ರೇ, ನಿಯಮ ನೀವು ಹೇಳಿದಂತೆಯೇ ಇರಬಹುದು. ಆದರೆ ಉತ್ತರ ಬರೆಯುವವರು ಅಧಿಕಾರಿಗಳು, ಓದುವವರು ಸಚಿವರು, ಕೇಳುವವರು ಅರ್ಧ ಖಾಲಿ ಸದನ. ಇದರಿಂದ ರೈತನಿಗಾಗಲಿ ನೂಲು ಬಿಚ್ಚುವವನಿಗಾಗಲಿ ಏನು ಸಿಕ್ಕಿದೆ? ಬೀದಿಗಿಳಿದು ಹೋರಾಡಿದಾಗ ಮಾತ್ರ ಸರ್ಕಾರಗಳು ಕಿವಿಗೊಟ್ಟಿವೆ. ಸಂಸದರ ಮನೆ ಬಾಗಿಲಿಗೆ ಹೋಗುವ ಶ್ರಮವನ್ನು ಸಂಘಟನೆಗೆ ಹಾಕಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಅಂತರಗಂಗೆಯವರೇ, ಈ ಮಾತನ್ನು ನಾನು ಒಪ್ಪುವುದಿಲ್ಲ. ವಕೀಲಿ ವೃತ್ತಿಯಲ್ಲಿರುವ ನನಗೆ ಲಿಖಿತ ಉತ್ತರದ ಬೆಲೆ ಗೊತ್ತು.

1957ರಲ್ಲಿ ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂಧ್ರಾ ಅವರ ಕಂಪನಿಗಳ ಷೇರುಗಳಲ್ಲಿ ಸುಮಾರು 1.24 ಕೋಟಿ ರೂಪಾಯಿ ಹೂಡಿದ ಸಂಗತಿ ಸಂಸತ್ತಿನ ಪ್ರಶ್ನೆಯ ಮೂಲಕವೇ ಬೆಳಕಿಗೆ ಬಂದದ್ದು. ಮೊದಲು ಬಂದ ಉತ್ತರ ಜಾರಿಕೆಯದ್ದಾಗಿತ್ತು. ಕಾಂಗ್ರೆಸ್ ಸಂಸದ ಫಿರೋಜ್ ಗಾಂಧಿಯವರು ಪಟ್ಟು ಬಿಡದೆ ಹಿಂಬಾಲಿಸಿದರು, ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣಾ ಆಯೋಗ ನೇಮಕವಾಯಿತು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ತಮ್ಮದೇ ಪಕ್ಷದ ಸರ್ಕಾರದ ಸಚಿವರನ್ನು ಅದೇ ಪಕ್ಷದ ಸದಸ್ಯರು ಪ್ರಶ್ನಿಸಿದ್ದರೆಂಬುದನ್ನು ಗಮನಿಸಿ.

ಸಚಿವರು ಸದನದಲ್ಲಿ ಹೇಳಿದ್ದು ಸರ್ಕಾರದ ಅಧಿಕೃತ ಮಾತು. ತಪ್ಪಿದ್ದರೆ ತಿದ್ದುಪಡಿ ಹೇಳಿಕೆ ಕೊಡಬೇಕಾಗುತ್ತದೆ, ಬೇಕೆಂದೇ ದಾರಿ ತಪ್ಪಿಸಿದ್ದರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಪ್ರಶ್ನೆ ಏಳುತ್ತದೆ. ಪತ್ರಿಕಾಗೋಷ್ಠಿಯ ಮಾತಿಗೆ ಈ ಭಾರವಿಲ್ಲ. ಹೋರಾಟ ಬೇಡವೆಂದು ನಾನು ಹೇಳುತ್ತಿಲ್ಲ. ಹೋರಾಟಕ್ಕೆ ಇಳಿಯುವವರ ಕೈಯಲ್ಲಿ ಸರ್ಕಾರವೇ ಒಪ್ಪಿಕೊಂಡ ಅಂಕಿಅಂಶವಿದ್ದರೆ ಅದನ್ನು ಸುಳ್ಳೆಂದು ತಳ್ಳಿಹಾಕಲು ಯಾರಿಗೂ ಬರುವುದಿಲ್ಲ.

ಅಡಕೆತೋಟ (ಚಿಕ್ಕನಾಯಕನಹಳ್ಳಿ)

ರೇಷ್ಮೆಯ ಕಥೆಯೇ ನಮ್ಮ ಅಡಕೆಯದ್ದೂ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಕೆಯನ್ನು ಕನಿಷ್ಠ ಆಮದು ಬೆಲೆಯ (ಅದಕ್ಕಿಂತ ಅಗ್ಗವಾಗಿ ತರಿಸಬಾರದೆಂಬ ಬೆಲೆ) ಷರತ್ತಿಲ್ಲದೆ ಜೈಗಾಂವ್ ಗಡಿಯ ಮೂಲಕ ತರಿಸಿಕೊಳ್ಳಲು ಕೇಂದ್ರ ಅನುಮತಿ ಕೊಟ್ಟಿತು. ನಾವು ಕೃಷಿ ಖಾತೆಯನ್ನು ಕೇಳಿದರೆ ಅದು ವಾಣಿಜ್ಯ ಖಾತೆಯ ಅಧಿಸೂಚನೆ ಎಂದರು. ವಾಣಿಜ್ಯದವರನ್ನು ಕೇಳಿದರೆ ನೆರೆಯ ಮಿತ್ರ ರಾಷ್ಟ್ರದೊಂದಿಗಿನ ಬಾಂಧವ್ಯ ಎಂದರು. ಆ ಬಾಂಧವ್ಯದ ಖರ್ಚನ್ನು ಗುಬ್ಬಿ, ತಿಪಟೂರು, ಚಿಕ್ಕನಾಯಕನಹಳ್ಳಿಯ ಬೆಳೆಗಾರ ಏಕೆ ಹೊರಬೇಕು?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಅಣ್ಣ, ನಿಮ್ಮ ಆತಂಕ ಅರ್ಥವಾಗುತ್ತದೆ, ಆದರೆ ಪ್ರಮಾಣವನ್ನೂ ನೋಡೋಣ. ಅದು ಹಸಿ ಕಾಯಿ. ಸುಲಿದು ಒಣಗಿಸಿದರೆ ಸುಮಾರು ಐದನೆಯ ಒಂದು ಭಾಗವಷ್ಟೇ ಉಳಿಯುತ್ತದೆ. ನಮ್ಮ ದೇಶದ ಉತ್ಪಾದನೆ ಹತ್ತು ಲಕ್ಷ ಟನ್ನಿಗೂ ಮೇಲಿದೆ. ಜೊತೆಗೆ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಬೆಳೆಗಾರರ ಕೂಗು ಕೇಳಿಸದೆ ಅದು ಆಗಲಿಲ್ಲ.

ಅಡಕೆತೋಟ (ಚಿಕ್ಕನಾಯಕನಹಳ್ಳಿ)

ಲೆಕ್ಕ ಸರಿ, ಒಪ್ಪುತ್ತೇನೆ. ಆದರೆ ಈ ಲೆಕ್ಕವನ್ನು ನೀವು ಹೇಳಿದಿರಿ, ಸಚಿವರು ಹೇಳಲಿಲ್ಲ. ‘ಭೂತಾನದ ಸ್ನೇಹ ನಮಗೆ ಮುಖ್ಯ, ಅದಕ್ಕಾಗಿ ಇಷ್ಟು ಅಡಕೆ ಬರುತ್ತದೆ, ಇದರಿಂದ ನಿಮ್ಮ ಬೆಲೆಗೆ ಇಷ್ಟರವರೆಗೆ ಪೆಟ್ಟು ಬೀಳಬಹುದು, ಅದಕ್ಕೆ ಈ ಪರಿಹಾರ’ ಎಂದು ನೇರವಾಗಿ ಹೇಳಿದ್ದರೆ ನಾವು ಅರ್ಥ ಮಾಡಿಕೊಳ್ಳುತ್ತಿದ್ದೆವು. ಭೂತಾನದ ಗಡಿಯ ಡೋಕ್ಲಾಮ್‌ನಲ್ಲಿ 2017ರಲ್ಲಿ ಭಾರತ ಮತ್ತು ಚೀನಾದ ಸೈನಿಕರು ಮುಖಾಮುಖಿಯಾದದ್ದು ನಮಗೂ ಗೊತ್ತಿದೆ. ಗಡಿ ಕಾಯುವ ದೇಶಕ್ಕೆ ಮಿತ್ರರು ಬೇಕು. ರೈತನಿಗೆ ವಿದೇಶಾಂಗ ನೀತಿ ಅರ್ಥವಾಗುವುದಿಲ್ಲವೆಂದು ಊಹಿಸಿಕೊಂಡು ಉತ್ತರ ಬರೆಯುವುದು ನಮಗೆ ಅವಮಾನ.

ಟೊಮೆಟೊಮಂಡಿ (ಶ್ರೀನಿವಾಸಪುರ)

2023ರ ಆಗಸ್ಟ್ 10ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಲೋಕಸಭೆಯಲ್ಲಿ, ಅವಿಶ್ವಾಸ ನಿರ್ಣಯದ ಚರ್ಚೆಯ ವೇಳೆ, ನೇಪಾಳದಿಂದ ಟೊಮೆಟೊ ಆಮದು ಶುರುವಾಗಿದೆ ಎಂದು ತಿಳಿಸಿದರು. ಅವರು ರಾಜ್ಯಸಭೆಯಲ್ಲಿ ನಮ್ಮ ಕರ್ನಾಟಕದ ಪ್ರತಿನಿಧಿ. ಆ ದಿನ ನಾನು ಕೋಲಾರದ ಮಂಡಿಯಲ್ಲಿದ್ದೆ. ಐದಾರು ವರ್ಷ ಟೊಮೆಟೊವನ್ನು ರಸ್ತೆಗೆ ಸುರಿದು ಬಂದವರು ಮೊದಲ ಸಲ ಸಾಲ ತೀರಿಸುವ ಲೆಕ್ಕ ಹಾಕುತ್ತಿದ್ದರು. ಪಟ್ಟಣದಲ್ಲಿ ಕೊಳ್ಳುವವರ ಕಷ್ಟವೂ ನಿಜವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೆಲೆ ಏರಿದರೆ ನೇಪಾಳದಿಂದ ತರಿಸಲು ವಾರದಲ್ಲಿ ತೀರ್ಮಾನವಾಗುತ್ತದೆ, ಬೆಲೆ ಕುಸಿದಾಗ ನೆರೆ ದೇಶಗಳಿಗೆ ಕಳುಹಿಸುವ ದಾರಿ ತೆರೆಯಲು ಮಾತ್ರ ವರ್ಷಗಳು ಬೇಕಾಗುತ್ತವೆ. ಇದನ್ನು ಯಾರಾದರೂ ಸಂಸದರು ಪ್ರಶ್ನೆಯಾಗಿ ಕೇಳಬೇಕು.

ಅಂತರಗಂಗೆ (ಕೋಲಾರ)

ಅದನ್ನೇ ನಾನು ಹೇಳಿದ್ದು. ಹೇಳಿಕೆ ಕೊಡುತ್ತಾರೆ, ಮುಂದಕ್ಕೆ ಹೋಗುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. 2019ರಲ್ಲಿ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳುವ ಮಾತಿದ್ದಾಗ ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ನಮ್ಮ ಡೇರಿಗಳ ಗತಿಯೇನೆಂದು ಹಾಲು ಹಾಕುವವರೆಲ್ಲ ಹೆದರಿದ್ದರು. ದೇಶದಾದ್ಯಂತ ಪ್ರತಿಭಟನೆಯಾಯಿತು. ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಹಿಂದೆ ಸರಿಯಿತು. ಅದು ಬೀದಿಯಿಂದ ಸಿಕ್ಕ ಉತ್ತರ, ಸದನದಿಂದ ಸಿಕ್ಕದ್ದಲ್ಲ.

ನಿವೃತ್ತಮೇಷ್ಟ್ರು (ಕೋಲಾರ)

ಬೀದಿಯ ಹೋರಾಟಕ್ಕೆ ಫಲ ಸಿಕ್ಕಿದ್ದು ನಿಜ. ಆದರೆ ಈ ಉದಾಹರಣೆಯೊಳಗೆ ಇನ್ನೊಂದು ಸಂಗತಿ ಅಡಗಿದೆ. ನಮ್ಮ ಸಂವಿಧಾನದಲ್ಲಿ ವಿದೇಶಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ಕಡ್ಡಾಯವಿಲ್ಲ. ಒಪ್ಪಂದವನ್ನು ಜಾರಿಗೆ ತರಲು ಕಾನೂನು ಬದಲಾಯಿಸಬೇಕಾದಾಗ 253ನೆಯ ವಿಧಿಯಡಿ ಸಂಸತ್ತಿನ ಮುಂದೆ ಬರುತ್ತದೆ; ಸುಂಕದ ದರಗಳಂಥವು ಬಹುಪಾಲು ಅಧಿಸೂಚನೆಯಲ್ಲೇ ಮುಗಿದುಹೋಗುತ್ತವೆ. ಹಾಗಿರುವಾಗ ವಿದೇಶಾಂಗ ವ್ಯವಹಾರದ ಮೇಲೆ ಜನಪ್ರತಿನಿಧಿಗಳ ಕಣ್ಣು ಬೀಳುವ ಜಾಗಗಳೇ ಕಡಿಮೆ. ಪ್ರಶ್ನೋತ್ತರ ಕಲಾಪ, ಅನುದಾನದ ಬೇಡಿಕೆಗಳ ಚರ್ಚೆ, 31 ಸದಸ್ಯರ ಸ್ಥಾಯಿ ಸಮಿತಿ, ಇಷ್ಟೇ. ಇರುವ ಮೂರು ಕಿಟಕಿಗಳಲ್ಲಿ ಒಂದನ್ನು ನಾವೇ ಮುಚ್ಚಿಕೊಳ್ಳುವುದು ಬೇಡ.

ವಿದೇಶಾಂಗದ ಉತ್ತರಗಳಲ್ಲಿ ಸ್ವಲ್ಪ ಬಿಗಿ ಇರುವುದು ಸಹಜ ಎಂಬುದನ್ನೂ ಹೇಳಬೇಕು. ಸ್ನೇಹಪರ ವಿದೇಶಿ ರಾಷ್ಟ್ರವನ್ನು ಅಗೌರವದಿಂದ ಉಲ್ಲೇಖಿಸುವ ಪ್ರಶ್ನೆಯನ್ನು ಲೋಕಸಭೆಯ ನಿಯಮಗಳೇ ಒಪ್ಪುವುದಿಲ್ಲ. ಮಾತುಕತೆ ನಡೆಯುತ್ತಿರುವಾಗ ನಮ್ಮ ಪಟ್ಟುಗಳನ್ನೆಲ್ಲ ಬಿಚ್ಚಿಡಲೂ ಆಗದು. ಆದರೆ ಮುಚ್ಚಿಟ್ಟದ್ದು ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ 1959 ಇದೆ. ಅಕ್ಸಾಯ್ ಚಿನ್ ಮೂಲಕ ಚೀನಾ ರಸ್ತೆ ಹಾಕಿ ಮುಗಿಸಿದ್ದು 1957ರಲ್ಲಿ. ನೆಹರೂ ಅವರು ಅದನ್ನು ಸಂಸತ್ತಿನ ಮುಂದೆ ಬಹಿರಂಗವಾಗಿ ಇಟ್ಟದ್ದು 1959ರ ಆಗಸ್ಟ್‌ನಲ್ಲಿ. ಮರು ತಿಂಗಳು ಎರಡು ಸರ್ಕಾರಗಳ ನಡುವಣ ಪತ್ರಗಳನ್ನು ಶ್ವೇತಪತ್ರವಾಗಿ ಪ್ರಕಟಿಸಬೇಕಾಯಿತು. ಪ್ರಧಾನಿಯೂ ವಿದೇಶಾಂಗ ಸಚಿವರೂ ಒಬ್ಬರೇ ಆಗಿದ್ದ ಕಾಲವದು. ಮೊದಲೇ ಹೇಳಿದ್ದರೆ ದೇಶ ಇನ್ನಷ್ಟು ಸಿದ್ಧವಾಗಿರುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಹೊಸಬ (ಮಾಲೂರು)

ವಿದೇಶದ ವಿಷಯದಲ್ಲಿ ಸಚಿವರು ತಾವಾಗಿಯೇ ಸದನದಲ್ಲಿ ಹೇಳಿಕೆ ನೀಡಿದಾಗ ಆ ಕ್ಷಣವೇ ಪ್ರಶ್ನೆ ಕೇಳಬಹುದಲ್ಲವೇ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಲೋಕಸಭೆಯಲ್ಲಿ ಕೇಳುವಂತಿಲ್ಲ, 372ನೆಯ ನಿಯಮ ಅದನ್ನು ತಡೆಯುತ್ತದೆ. ರಾಜ್ಯಸಭೆಯಲ್ಲಿ ಸ್ಪಷ್ಟೀಕರಣ ಕೇಳುವ ಪದ್ಧತಿ ಇದೆ. ಮತ್ತೊಂದು ವ್ಯತ್ಯಾಸವೂ ಇದೆ. ಲೋಕಸಭೆಯ ಪ್ರಶ್ನೋತ್ತರ ಬೆಳಿಗ್ಗೆ 11ಕ್ಕೆ ಶುರುವಾದರೆ ರಾಜ್ಯಸಭೆಯದ್ದು 2014ರಿಂದ ಮಧ್ಯಾಹ್ನ 12ಕ್ಕೆ.

ಕಲ್ಪತರು (ತಿಪಟೂರು)

ತುಮಕೂರಿನವರ ಇಕ್ಕಟ್ಟನ್ನೂ ಕೇಳಿ. ನಮ್ಮ ಸಂಸದರಾದ ವಿ. ಸೋಮಣ್ಣನವರು 2024ರ ಜೂನ್‌ನಿಂದ ಕೇಂದ್ರದಲ್ಲಿ ರೈಲ್ವೆ ಮತ್ತು ಜಲಶಕ್ತಿ ಖಾತೆಗಳ ರಾಜ್ಯ ಸಚಿವರು. ಕ್ಷೇತ್ರಕ್ಕೆ ಅದು ಹೆಮ್ಮೆಯ ಸಂಗತಿ. ಆದರೆ ಸಚಿವರಾದವರು ಸದನದಲ್ಲಿ ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಭದ್ರಾ ಮೇಲ್ದಂಡೆ ಯೋಜನೆಗೆ 2023-24ರ ಕೇಂದ್ರ ಆಯವ್ಯಯದಲ್ಲಿ 5,300 ಕೋಟಿ ರೂಪಾಯಿ ಘೋಷಿಸಿದ್ದರು. ಆ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ಮತ್ತೆಮತ್ತೆ ದೂರುತ್ತಿದೆ. ನಮ್ಮ ಜಿಲ್ಲೆಯ ಕೆರೆಗಳಿಗೂ ಆ ನೀರಿನ ಪಾಲಿದೆ. ಇದನ್ನು ನಮ್ಮ ಪರವಾಗಿ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಕೇಳುವವರು ಯಾರು?

ನಿವೃತ್ತಮೇಷ್ಟ್ರು (ಕೋಲಾರ)

ಕರ್ನಾಟಕದಿಂದ ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ಅವರಲ್ಲಿ ಸಚಿವರಲ್ಲದ ಯಾರು ಬೇಕಾದರೂ ರಾಜ್ಯದ ಯಾವುದೇ ಜಿಲ್ಲೆಯ ವಿಷಯವನ್ನು ಎತ್ತಬಹುದು. ಪಕ್ಕದ ಚಿತ್ರದುರ್ಗದ ಸಂಸದರಿಗೂ ಇದೇ ಯೋಜನೆಯ ನೀರು ಬೇಕು. ಸಂಸದರು ಇಡೀ ದೇಶದ ಪ್ರತಿನಿಧಿಗಳು, ಪ್ರಶ್ನೆ ಕೇಳಲು ಕ್ಷೇತ್ರದ ಗಡಿ ಅಡ್ಡ ಬರುವುದಿಲ್ಲ.

ಚಿಂತಾಮಣಿಅಕ್ಕ (ಚಿಂತಾಮಣಿ)

ನನ್ನ ಅನುಭವವನ್ನು ಹೇಳಬೇಕೆನಿಸಿತು. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಮನೆಗೆಲಸಕ್ಕೆಂದು ಕುವೈತಿಗೆ ಹೋದಳು. ಕರೆದುಕೊಂಡು ಹೋದ ದಲ್ಲಾಳಿ ಆಮೇಲೆ ಫೋನು ಎತ್ತಲಿಲ್ಲ. ಏಳು ತಿಂಗಳು ಸಂಬಳವಿಲ್ಲ, ಪಾಸ್‌ಪೋರ್ಟ್ ಮಾಲೀಕರ ಕೈಯಲ್ಲಿ. ಅವಳ ತಾಯಿ ಪ್ರತಿದಿನ ಸಂಜೆ ನಮ್ಮ ಜಗಲಿಯ ಮೇಲೆ ಬಂದು ಕುಳಿತುಕೊಳ್ಳುತ್ತಿದ್ದರು. ಏನು ಮಾಡಬೇಕೆಂದು ನಮಗ್ಯಾರಿಗೂ ತೋಚಲಿಲ್ಲ.

ಆಗ ಕಾಲೇಜಿಗೆ ಹೋಗುವ ನನ್ನ ಮಗ ಸಂಸತ್ತಿನ ಜಾಲತಾಣದಲ್ಲಿ ಹುಡುಕಿ, ಕೊಲ್ಲಿ ದೇಶಗಳ ಮನೆಗೆಲಸದವರ ಬಗ್ಗೆ ವಿದೇಶಾಂಗ ಖಾತೆ ಹಿಂದೆ ಕೊಟ್ಟಿದ್ದ ಉತ್ತರಗಳನ್ನು ತೆಗೆದ. ‘ಮದದ್’ ಎಂಬ ದೂರು ಜಾಲತಾಣವಿದೆ ಎಂಬುದು, ವಲಸೆ ತಪಾಸಣೆ ಬೇಕಾದ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಮಹಿಳೆಗೆ ಕನಿಷ್ಠ 30 ವರ್ಷವಾಗಿರಬೇಕೆಂಬುದು, ಸರ್ಕಾರದ ಸಂಸ್ಥೆಗಳ ಮೂಲಕವೇ ಅವರನ್ನು ಕಳುಹಿಸಬೇಕೆಂಬುದು ನಮಗೆ ಗೊತ್ತಾದದ್ದು ಆ ಉತ್ತರಗಳಿಂದ. ಆ ಹುಡುಗಿಗೆ 24 ವರ್ಷ. ಹಾಗಾದರೆ ಅವಳನ್ನು ಕಳುಹಿಸಿದ ದಾರಿಯೇ ಕಳ್ಳದಾರಿ. ಉತ್ತರದ ಪ್ರತಿಯನ್ನು ಲಗತ್ತಿಸಿ ದೂರು ಹಾಕಿದೆವು, ರಾಯಭಾರ ಕಚೇರಿಗೂ ಬರೆದೆವು. ಎರಡು ತಿಂಗಳ ಮೇಲೆ ಅವಳು ಮನೆಗೆ ಬಂದಳು. ಸಂಬಳ ಪೂರ್ತಿ ಸಿಗಲಿಲ್ಲ.

ಯಾವ ಊರಿನ ಯಾವ ಸಂಸದರು ಆ ಪ್ರಶ್ನೆ ಕೇಳಿದ್ದರೋ ನಮಗೆ ಗೊತ್ತಿಲ್ಲ. ಅವರು ಕೇಳಿದ್ದರಿಂದ ನಮಗೆ ದಾರಿ ಸಿಕ್ಕಿತು.

ಗೂಡಿನಮನೆ (ಶಿಡ್ಲಘಟ್ಟ)

ಅಕ್ಕ, ನಿಮ್ಮ ಬರಹ ಓದಿ ಧೈರ್ಯ ಬಂತು. ಆ ಹೆಣ್ಣುಮಗಳು ಕ್ಷೇಮವಾಗಿರಲಿ.

ಹೊಸಬ (ಮಾಲೂರು)

ಆ ಉತ್ತರಗಳೆಲ್ಲ ಇಂಗ್ಲಿಷ್ ಮತ್ತು ಹಿಂದಿಯಲ್ಲಿಯೇ ಇರುತ್ತವೆ. ಅಕ್ಕನ ಮನೆಯಲ್ಲಿ ಓದುವ ಹುಡುಗನಿದ್ದ. ಇಲ್ಲದವರು ಏನು ಮಾಡಬೇಕು? ಸಂಸದರು ಕನ್ನಡದಲ್ಲಿ ಪ್ರಶ್ನೆ ಕೇಳಲು ಅವಕಾಶವಿದೆಯೇ?

ಗಡಿನಾಡಕನ್ನಡಿಗ (ಮುಳಬಾಗಿಲು)

ಸದನದಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಏಕಕಾಲಿಕ ಅನುವಾದದ ವ್ಯವಸ್ಥೆ ಇದೆ. 1967ರಲ್ಲಿ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದವರು. ಆದರೆ ಲಿಖಿತ ಉತ್ತರ ಕನ್ನಡದಲ್ಲಿ ಬರುವುದಿಲ್ಲ. ತೆಲುಗು, ತಮಿಳು, ಕನ್ನಡ ಮೂರೂ ಕಿವಿಗೆ ಬೀಳುವ ನಮ್ಮ ಗಡಿಯಲ್ಲಿ ಇಂಗ್ಲಿಷ್ ಓದಬಲ್ಲ ಒಬ್ಬ ರೈತನನ್ನು ಹುಡುಕುವುದು ಕಷ್ಟ. ನಮ್ಮ ಜಿಲ್ಲೆಗೆ ಸಂಬಂಧಿಸಿದ ಉತ್ತರಗಳನ್ನಾದರೂ ಸಂಸದರ ಕಚೇರಿಯವರು ಕನ್ನಡಕ್ಕೆ ತಂದು ಪಂಚಾಯಿತಿಯ ಫಲಕಕ್ಕೆ ಹಾಕಿದರೆ ಅದಕ್ಕಿಂತ ಒಳ್ಳೆಯ ಪ್ರಚಾರ ಅವರಿಗೆ ಬೇಕಿಲ್ಲ.

ಚಿನ್ನದನಾಡು (ಕೆಜಿಎಫ್)

ಕೋಲಾರದವರು ಉತ್ತರ ಕೊಡುವ ಕಡೆಯಲ್ಲಿ ಕುಳಿತದ್ದು ಹೊಸದಲ್ಲ. ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ನೆಹರೂ ಸಂಪುಟದಲ್ಲಿ ಉತ್ಪಾದನಾ ಖಾತೆಯ ಸಚಿವರಾಗಿದ್ದರು, ಎಂ.ವಿ. ಕೃಷ್ಣಪ್ಪನವರು ಕೃಷಿ ಖಾತೆಯ ಉಪಸಚಿವರಾಗಿದ್ದರು. ನಮ್ಮ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಂದಿನಿಂದ ಗಣಿ ಖಾತೆಯ ಸಚಿವರು ಎಷ್ಟು ಮಂದಿ ಬದಲಾದರೆಂದು ಲೆಕ್ಕ ಇಟ್ಟಿಲ್ಲ. ಕಾರ್ಮಿಕರ ಬಾಕಿ ಮತ್ತು ಮನೆಗಳ ಪ್ರಶ್ನೆಗೆ ‘ವಿಷಯವು ಪರಿಶೀಲನೆಯಲ್ಲಿದೆ’ ಎಂಬ ಮಾತನ್ನು ನಮ್ಮ ತಂದೆಯವರ ಕಾಲದಿಂದ ಕೇಳುತ್ತಾ ಬಂದಿದ್ದೇವೆ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

‘ವಿಷಯವು ಪರಿಶೀಲನೆಯಲ್ಲಿದೆ’ ಎಂಬ ಮಾತನ್ನು ಹಗುರವಾಗಿ ಬಿಡಬೇಡಿ. ಸಂಸತ್ತಿನ ಪದ್ಧತಿಯಲ್ಲಿ ಅದು ಭರವಸೆಯೆಂದೇ ದಾಖಲಾಗಬಹುದು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಮಂಡಿಸಲಾಗುವುದು’ ಎಂಬುದೂ ಅಷ್ಟೇ. ಹೀಗೆ ಹೇಳಿದ ಸಚಿವರು ಮೂರು ತಿಂಗಳಲ್ಲಿ ಅದನ್ನು ಪೂರೈಸಬೇಕು, ಇಲ್ಲವೇ ಸಮಯ ವಿಸ್ತರಣೆ ಕೇಳಬೇಕು. ಇದನ್ನು ನೋಡಿಕೊಳ್ಳಲೆಂದೇ 1953ರಿಂದ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಂಸದರು ಒಂದು ಪ್ರಶ್ನೆ ಕೇಳಿ ಮರೆತುಬಿಟ್ಟರೆ ಭರವಸೆ ಕಡತದಲ್ಲಿ ಮಲಗುತ್ತದೆ. ಬೆನ್ನು ಹತ್ತಿದರೆ ಸಮಿತಿ ಇಲಾಖೆಯ ಕಾರ್ಯದರ್ಶಿಯನ್ನೇ ಕರೆಸಿ ಕೇಳಬಲ್ಲದು.

ಅಂತರಗಂಗೆ (ಕೋಲಾರ)

ಇದು ನನಗೆ ಗೊತ್ತಿರಲಿಲ್ಲ. ಆದರೂ ಒಂದು ಅನುಮಾನ. ಹಣ ಪಡೆದು ಪ್ರಶ್ನೆ ಕೇಳಿದ್ದಕ್ಕೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಉಚ್ಚಾಟಿಸಿದ್ದರು. ಇಂಥ ಜಾಗವನ್ನು ಹೇಗೆ ನಂಬುವುದು?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಆ 11 ಮಂದಿಯನ್ನು ಹೊರಹಾಕಿದ್ದು ಎರಡೂ ಸದನಗಳೇ ಎಂಬುದನ್ನು ಗಮನಿಸಿ. ಪ್ರಶ್ನೆಗೆ ಬೆಲೆಯಿಲ್ಲದಿದ್ದರೆ ಅದಕ್ಕೆ ಹಣ ಕೊಡುವವರಾದರೂ ಯಾಕೆ ಇರುತ್ತಿದ್ದರು?

ವೇದಿಕೆಯ ನಿರ್ವಾಹಕರು

ಮಾತು ಒಳ್ಳೆಯ ದಾರಿಯಲ್ಲಿ ಸಾಗಿದೆ. ಆದರೆ ಮೊದಲ ಬರಹದಲ್ಲಿ ಕೇಳಿದ್ದು ಪ್ರಶ್ನೆ ರೂಪಿಸುವ ಬಗೆ. ದಯವಿಟ್ಟು ಅದರ ಕಡೆಗೆ ಬನ್ನಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಹಾಗಾದರೆ ನೇರವಾಗಿ ವಿಷಯಕ್ಕೆ. ಗೂಡಿನಮನೆಯವರು ವಿವರಿಸಿದ ಉತ್ತರದಲ್ಲಿ ಪ್ರಶ್ನೆಯೇ ದುರ್ಬಲವಾಗಿತ್ತು. ‘ಪರಿಣಾಮವೇನು?’ ಎಂದು ಕೇಳಿದರೆ ಯೋಜನೆಗಳ ವರ್ಣನೆ ಬರುತ್ತದೆ. ‘ಕ್ರಮ ಕೈಗೊಳ್ಳಲಾಗಿದೆಯೇ?’ ಎಂದರೆ ‘ಹೌದು’ ಎಂದು ಬರುತ್ತದೆ. ವರ್ಷ, ಪ್ರಮಾಣ, ದಿನಾಂಕ, ಹೆಸರು ಕೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ.

ಎರಡನೆಯದಾಗಿ, ಒಂದೇ ಪ್ರಶ್ನೆಯಲ್ಲಿ ಮೂರು ಖಾತೆಗಳ ವಿಷಯ ತುಂಬಬಾರದು. ರೇಷ್ಮೆ ಮಂಡಳಿ ಜವಳಿ ಖಾತೆಯಲ್ಲಿದೆ, ಸುಂಕ ಹಣಕಾಸಿನಲ್ಲಿದೆ, ಸುರಿವಿರೋಧಿ ಸುಂಕದ (ತೀರಾ ಅಗ್ಗದ ಬೆಲೆಗೆ ತಂದು ಸುರಿಯುವ ಸರಕಿನ ಮೇಲೆ ಹಾಕುವ ಸುಂಕ) ತನಿಖೆ ಮತ್ತು ವ್ಯಾಪಾರ ಒಪ್ಪಂದಗಳು ವಾಣಿಜ್ಯ ಖಾತೆಯಲ್ಲಿವೆ. ತಮಗೆ ಸೇರದ ಪ್ರಶ್ನೆಯನ್ನು ಇಲಾಖೆ ಬೇರೆಡೆಗೆ ವರ್ಗಾಯಿಸುತ್ತದೆ, ಇಲ್ಲವೇ ನೀವು ನೋಡಿದಂತೆ ಅರ್ಧ ಉತ್ತರ ಕೊಡುತ್ತದೆ. ಸದಸ್ಯರೊಬ್ಬರು ದಿನಕ್ಕೆ ಐದು ಪ್ರಶ್ನೆಗಳ ಸೂಚನೆ ಕೊಡಬಹುದು. ಮೂರು ಖಾತೆಗೆ ಮೂರು ಪ್ರಶ್ನೆ ಕಳುಹಿಸಿ.

ಗೂಡಿನಮನೆ (ಶಿಡ್ಲಘಟ್ಟ)

ಸರ್, ಇಲ್ಲಿ ನನಗೆ ತಕರಾರಿದೆ. ನನ್ನ ಮನೆಯಲ್ಲಿ ಗೂಡಿನ ಬೆಲೆ, ನೂಲಿನ ಬೆಲೆ, ಚೀನಾದ ಬೆಲೆ ಮೂರೂ ಒಂದೇ ದಿನ ಒಂದೇ ಪುಸ್ತಕದಲ್ಲಿ ಬರೆಯುತ್ತೇವೆ. 2011ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದರು. ಆ ವರ್ಷ ನಮ್ಮ ಅಪ್ಪ ಎರಡು ಬೇಸಿನ್ ಮಾರಿದರು. 2013ರಲ್ಲಿ ಶೇ 15ಕ್ಕೆ ಏರಿಸಿದರು, ಆಮೇಲೆ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ 15 ಆಯಿತು. ಹಣಕಾಸು ಸಚಿವರು ಸುಂಕ ಬದಲಿಸುವಾಗ ಜವಳಿ ಸಚಿವರು ನಮ್ಮ ಬಗ್ಗೆ ಏನು ಹೇಳಿದ್ದರು, ವಾಣಿಜ್ಯದವರು ಏನು ಹೇಳಿದ್ದರು ಎಂಬುದೇ ನನಗೆ ತಿಳಿಯಬೇಕಾದದ್ದು. ಮೂರು ತುಂಡು ಮಾಡಿದರೆ ಮೂವರೂ ತಮ್ಮ ತುಂಡಿಗೆ ಸರಿಯಾದ ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇಡೀ ಬಟ್ಟೆಗೆ ಹೊಣೆ ಯಾರು?

ನಿವೃತ್ತಮೇಷ್ಟ್ರು (ಕೋಲಾರ)

ಮಗಾ, ನೀನು ಕೇಳಿದ್ದು ಸಂವಿಧಾನದ 75ನೆಯ ವಿಧಿಯ ಪ್ರಶ್ನೆ. ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ಬ್ರಿಟನ್ನಿನಲ್ಲಿ ಪ್ರತಿ ಬುಧವಾರ ಪ್ರಧಾನಿಯೇ ಅರ್ಧ ಗಂಟೆ ನಿಂತು ಯಾವ ಖಾತೆಯ ವಿಷಯಕ್ಕಾದರೂ ಉತ್ತರ ಕೊಡುತ್ತಾರೆ. ನಮ್ಮಲ್ಲಿ ಅಂಥ ಪದ್ಧತಿಯಿಲ್ಲ, ಇರಬೇಕೆಂದು ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದೆ.

ಇರುವ ದಾರಿ ಹೀಗಿದೆ. ಮೊದಲು ಮೂರು ಲಿಖಿತ ಉತ್ತರ ಬರಲಿ. ಒಂದರೊಡನೆ ಇನ್ನೊಂದು ಹೊಂದದಿರುವ ಜಾಗವನ್ನು ಗುರುತು ಹಾಕಿಕೊಳ್ಳಿ. ಬಳಿಕ ಆ ಅಂಶವನ್ನು ಹಿಡಿದು ಸಂಸದರು 55ನೆಯ ನಿಯಮದಡಿ ಅರ್ಧ ಗಂಟೆಯ ಚರ್ಚೆ ಕೋರಬಹುದು. ಉತ್ತರ ಬಂದ ವಿಷಯದಲ್ಲಿ ಇನ್ನಷ್ಟು ವಿವರ ಬೇಕಾದಾಗ ಇರುವ ಅವಕಾಶ ಅದು. ಅಲ್ಲಿ ಸಚಿವರು ಕಾಗದ ಮಂಡಿಸಿ ಕುಳಿತುಬಿಡಲು ಬರುವುದಿಲ್ಲ.

ಗೂಡಿನಮನೆ (ಶಿಡ್ಲಘಟ್ಟ)

ಇದು ಮನಸ್ಸಿಗೆ ಒಪ್ಪಿತು ಮೇಷ್ಟ್ರೇ. ರಾತ್ರಿ ಕುಳಿತು ಜವಳಿ ಖಾತೆಯ ಪ್ರಶ್ನೆಯ ಕರಡು ಬರೆದಿದ್ದೇನೆ. ತಿದ್ದಿಕೊಡಿ.

ಜವಳಿ ಸಚಿವರು ದಯವಿಟ್ಟು ತಿಳಿಸುವರೇ:
(ಅ) ಕಳೆದ ಐದು ವರ್ಷಗಳಲ್ಲಿ ಪ್ರತಿ ವರ್ಷ ಆಮದಾದ ಕಚ್ಚಾ ರೇಷ್ಮೆಯ ಪ್ರಮಾಣ ಮತ್ತು ಮೌಲ್ಯವೆಷ್ಟು, ದೇಶವಾರು ವಿವರವೇನು;
(ಆ) ಅದೇ ವರ್ಷಗಳಲ್ಲಿ ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಗಳಲ್ಲಿ ಕೆಲಸ ನಿಲ್ಲಿಸಿದ ನೂಲು ಬಿಚ್ಚುವ ಘಟಕಗಳೆಷ್ಟು;
(ಇ) ಆಮದು ಸುಂಕದ ಕುರಿತು ಕೇಂದ್ರ ರೇಷ್ಮೆ ಮಂಡಳಿಯು ಸರ್ಕಾರಕ್ಕೆ ಮಾಡಿದ ಶಿಫಾರಸುಗಳಾವುವು, ಯಾವ ದಿನಾಂಕಗಳಂದು;
(ಈ) ಅವುಗಳ ಮೇಲೆ ಕೈಗೊಂಡ ತೀರ್ಮಾನವೇನು, ತಿರಸ್ಕರಿಸಿದ್ದರೆ ಕಾರಣಗಳೇನು?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಬಹಳ ಚೆನ್ನಾಗಿದೆ. (ಇ) ಭಾಗವೇ ಇದರ ಜೀವ, ಅದನ್ನು ಯಾರು ಹೇಳಿದರೂ ತೆಗೆಯಬೇಡಿ. 150 ಪದಗಳ ಮಿತಿಯೊಳಗೇ ಇದೆ. (ಅ) ಭಾಗದಲ್ಲಿ ‘ಕಳೆದ ಐದು ವರ್ಷ’ ಎನ್ನುವ ಬದಲು ಹಣಕಾಸು ವರ್ಷಗಳನ್ನು ಹೆಸರಿಸಿ ಬರೆಯಿರಿ. ವಾಣಿಜ್ಯ ಖಾತೆಗೆ ಕಳುಹಿಸುವುದರಲ್ಲಿ 2010ರಿಂದ ಜಾರಿಯಲ್ಲಿರುವ ಆಸಿಯಾನ್ (ಆಗ್ನೇಯ ಏಷ್ಯಾ ದೇಶಗಳ ಕೂಟ) ಒಪ್ಪಂದದಡಿ ರಿಯಾಯಿತಿ ಸುಂಕದಲ್ಲಿ ಬಂದ ರೇಷ್ಮೆ ಎಷ್ಟು, ಅದು ನಿಜವಾಗಿ ಯಾವ ದೇಶದ್ದೆಂದು ಪರಿಶೀಲಿಸಿದ ಪ್ರಕರಣಗಳೆಷ್ಟು ಎಂದು ಕೇಳಿ.

ಅಂತರಗಂಗೆ (ಕೋಲಾರ)

(ಆ) ಭಾಗಕ್ಕೆ ‘ಮಾಹಿತಿಯನ್ನು ಕೇಂದ್ರವು ನಿರ್ವಹಿಸುವುದಿಲ್ಲ’ ಎಂದು ಉತ್ತರ ಬರುತ್ತದೆ, ನೋಡುತ್ತಿರಿ. ಆದ್ದರಿಂದ ಅದನ್ನು ನಮ್ಮ ಶಾಸಕರ ಮೂಲಕ ವಿಧಾನಸಭೆಯಲ್ಲಿ ರಾಜ್ಯದ ರೇಷ್ಮೆ ಸಚಿವರಿಗೂ ಕೇಳಿಸಿ. ಮುಚ್ಚಿದ ಘಟಕಗಳ ಪಟ್ಟಿಯನ್ನು ನಾವೇ ಬೀದಿ ಬೀದಿ ತಿರುಗಿ ಮಾಡಬೇಕೆಂದರೆ ನಾನೂ ಬರುತ್ತೇನೆ.

ಟೊಮೆಟೊಮಂಡಿ (ಶ್ರೀನಿವಾಸಪುರ)

ಇದೇ ಮಾದರಿಯಲ್ಲಿ ಟೊಮೆಟೊ ರಫ್ತಿನ ಪ್ರಶ್ನೆಯನ್ನು ನಾನೂ ಬರೆಯುತ್ತೇನೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗೋಣವೇ?

ನಿವೃತ್ತಮೇಷ್ಟ್ರು (ಕೋಲಾರ)

ಹೋಗುವುದಾದರೆ ತಡ ಮಾಡಬೇಡಿ. ಉತ್ತರ ಬೇಕಾದ ದಿನಕ್ಕೆ ಕನಿಷ್ಠ 15 ಪೂರ್ಣ ದಿನಗಳ ಮೊದಲು ಸೂಚನೆ ಸಲ್ಲಿಕೆಯಾಗಬೇಕು, ಒಂದೊಂದು ಖಾತೆಗೂ ವಾರದಲ್ಲಿ ಒಂದೇ ದಿನ ಗೊತ್ತುಪಡಿಸಿರುತ್ತಾರೆ. ಅಧಿವೇಶನದ ದಿನಪಟ್ಟಿ ಪ್ರಕಟವಾದ ಕೂಡಲೇ ಸಂಸದರ ಆಪ್ತ ಸಹಾಯಕರ ಕೈಗೆ ಕರಡು ಸೇರಿರಬೇಕು.

ಗೂಡಿನಮನೆ (ಶಿಡ್ಲಘಟ್ಟ)

ಭಾನುವಾರ ಗೂಡು ತರುವ ಕೆಲಸವನ್ನು ತಮ್ಮನಿಗೆ ಒಪ್ಪಿಸಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದಲ್ಲಿರುತ್ತೇನೆ. ಅಂತರಗಂಗೆಯವರೇ, ಮುಚ್ಚಿದ ಘಟಕಗಳ ಪಟ್ಟಿಗೆ ನಮ್ಮ ಬೀದಿಯಿಂದಲೇ ಶುರು ಮಾಡಿದೆ. ಇಲ್ಲಿಯವರೆಗೆ ಒಂಬತ್ತು ಹೆಸರು ಬರೆದಿದ್ದೇನೆ.